ಅವಸರದ ಅದಲುಬದಲು

ಗೆಲ್ಲಬೇಕಾದ ಪಂದ್ಯ ಕೊನೆಗಳಿಗೆಯಲ್ಲಿ ಕೈಜಾರಿದರೆ ಅಭಿಮಾನಿಗೆ ಹೇಗಾದೀತು? 1997ರಲ್ಲಿ ಅಮೆರಿಕದ ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡದವರದು ಇದೇ ಗೋಳು. ನಮ್ಮ ಏಕದಿನ ಕ್ರಿಕೆಟ್ಟಿನ ಕೊನೆಯ ಓವರುಗಳ ಬೌಲರನಂತೆ, ಆಟ ಮುಗಿಸಿಕೊಡುವ 'ರಿಲೀಫ್ ಪಿಚರ್' ಅವರಿಗೆ ಬೇಕಿತ್ತು.

ಜುಲೈ 31ರಂದು ಬಾಸ್ಟನ್ ರೆಡ್ ಸಾಕ್ಸ್‌ನಿಂದ ಹೀತ್‌ಕ್ಲಿಫ್ ಸ್ಲೋಕಂಬ್ ಬಂದ. ಪಾಪ, ಆ ವರ್ಷ ಅವನೂ ಏದುಸಿರು ಬಿಡುತ್ತಿದ್ದವನೇ! ಒಂಬತ್ತು ಇನಿಂಗ್ಸಿಗೆ ಸರಾಸರಿ ಐದಕ್ಕೂ ಹೆಚ್ಚು ರನ್ ಕೊಟ್ಟಿದ್ದ. ಅವನಿಗೆ ಬದಲಾಗಿ ಸಿಯಾಟಲ್ ಬಿಟ್ಟುಕೊಟ್ಟದ್ದು ಕ್ಯಾಚರ್ ಜೇಸನ್ ವಾರಿಟೆಕ್, ಪಿಚರ್ ಡೆರೆಕ್ ಲೋ ಎಂಬ ಇಬ್ಬರು ತರುಣರನ್ನು.

ಕೊರತೆ ನಿಜವೇ, ತೆತ್ತ ಬೆಲೆ ಮಾತ್ರ ವಿಪರೀತ. ಸಿಯಾಟಲ್ ಆ ಸಲ ತನ್ನ ವಿಭಾಗವನ್ನೇನೋ ಗೆದ್ದಿತು, ಆದರೆ ಮುಂದಿನ ಸುತ್ತಿನಲ್ಲೇ ಬಾಲ್ಟಿಮೋರ್‌ಗೆ ಸೋತಿತು. 1918ರಿಂದ ವರ್ಲ್ಡ್ ಸೀರೀಸ್ ಗೆಲ್ಲದ ಬಾಸ್ಟನ್ 2004ರಲ್ಲಿ ಅದನ್ನು ಗೆದ್ದಾಗ, ನಿರ್ಣಾಯಕ ಪಂದ್ಯದ ವಿಜಯಿ ಪಿಚರ್ ಲೋ. ಚೆಂಡು ಹಿಡಿಯಲು ಕೂತಿದ್ದವ ವಾರಿಟೆಕ್.