ಅನ್ನನಾಳದ ಅರ್ಬುದ: ಅದರ ಅನಿರೀಕ್ಷಿತ ಲಕ್ಷಣಗಳು

ಅನ್ನನಾಳದ ಅರ್ಬುದ, ಎಂದರೆ ಕ್ಯಾನ್ಸರ್, ಎಂದೊಡನೆ ಇಳಿಯದ ತುತ್ತು ನೆನಪಿಗೆ ಬರುವುದು ಸಹಜ. ಮೊದಲು ಮುದ್ದೆ, ಆಮೇಲೆ ಅನ್ನ, ಕಡೆಗೆ ನೀರು ಕೂಡ ಇಳಿಯದಾಗುವುದು ಪಠ್ಯಗ್ರಂಥಗಳು ಹೇಳುವ ಕ್ರಮ. ಆದರೆ ಈ ರೋಗವು ಎಷ್ಟೋ ವೇಳೆ ತನ್ನ ಇರವನ್ನು ಬೇರೆಡೆಯಲ್ಲಿ ಪ್ರಕಟಿಸುತ್ತದೆ. ಇದರ ಕಾರಣವನ್ನು ಆ ನಾಳದ ರಚನೆಯಲ್ಲಿಯೇ ಅರಸಬೇಕು.

ಸುಮಾರು 25 ಸೆಂಟಿಮೀಟರ್ ಉದ್ದದ ಈ ನಾಳವು ಬಹಳ ಹಿಗ್ಗಬಲ್ಲದು. ಒಳದಾರಿ ಸುಮಾರು 13 ಮಿಲಿಮೀಟರಿಗಿಂತ ಕಿರಿದಾಗುವವರೆಗೆ ಗಟ್ಟಿ ಆಹಾರಕ್ಕೆ ಹೆಚ್ಚಿನ ತಡೆಯುಂಟಾಗುವುದಿಲ್ಲ. ಅಷ್ಟರಲ್ಲಿ ಗೆಡ್ಡೆಯು ಹೊರಕ್ಕೂ ಬೆಳೆದಿರಬಹುದು. ಏಕೆಂದರೆ ಕರುಳಿಗಿರುವಂತಹ ಹೊರಪೊರೆ ಅನ್ನನಾಳಕ್ಕಿಲ್ಲ. ಒಳಪದರದ ಕೆಳಗಿನ ದುಗ್ಧನಾಳಗಳೋ ಉದ್ದಕ್ಕೆ ಹರಿಯತಕ್ಕವು. ಆದುದರಿಂದ ಎದೆಯೊಳಗಿನ ಗೆಡ್ಡೆಯು ಮೊದಲು ಕತ್ತಿನ ಎಲುಬಿನ ಮೇಲೆ ಗಂಟಾಗಿ ಕಾಣಿಸಿಕೊಳ್ಳಬಹುದು, ಅಥವಾ ಹೊಟ್ಟೆಯ ಗ್ರಂಥಿಗಳನ್ನು ಸೇರಬಹುದು.

ಧ್ವನಿಯ ವಿಷಯ ಇನ್ನೂ ವಿಚಿತ್ರವಾದುದು. ಧ್ವನಿತಂತುಗಳನ್ನು ಆಡಿಸುವ ಎಡಗಡೆಯ ನರವು ನೇರವಾಗಿ ಗಂಟಲಿಗೆ ಹೋಗದೆ ಎದೆಗಿಳಿದು, ಮಹಾಧಮನಿಯ ಕಮಾನನ್ನು ಸುತ್ತಿ, ಶ್ವಾಸನಾಳ ಅನ್ನನಾಳಗಳ ನಡುವಣ ಸಂದಿಯಲ್ಲಿ ಮೇಲೇರುತ್ತದೆ. ಗೆಡ್ಡೆಯು ಅದನ್ನು ಹಿಡಿದರೆ ಸ್ವರ ಒಡೆಯುತ್ತದೆ. ಪಾಠ ಹೇಳುವ ನಮ್ಮಂಥವರು ಅದನ್ನು ವೃತ್ತಿಯ ಆಯಾಸವೆಂದು ತಳ್ಳಿಹಾಕುವುದುಂಟು! ಮೂರು ವಾರ ಮೀರಿದ ಸ್ವರಭಂಗವನ್ನು ಪರೀಕ್ಷಿಸಿಯೇ ತೀರಬೇಕು. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ಎರಡು ನಾಳಗಳ ನಡುವೆ ರಂಧ್ರವಾಗಿರುವ ಶಂಕೆಗೆ ಎಡೆಯುಂಟು. ರಕ್ತದ ಮೂಲಕ ರೋಗವು ಯಕೃತ್ತು, ಶ್ವಾಸಕೋಶ, ಮೂಳೆಗಳಿಗೆ ಹರಡುತ್ತದೆ. ವಿರಳವಾಗಿ ಚರ್ಮದ ಗಂಟಾಗಿಯೂ ತೋರುತ್ತದೆ. ಮೂಳೆಗೆ ತಗಲದೆಯೇ ಗೆಡ್ಡೆಯ ಸ್ರಾವದಿಂದ ರಕ್ತದಲ್ಲಿ ಸುಣ್ಣದಂಶವೇರಿ, ಅತಿ ಬಾಯಾರಿಕೆ, ಮಲಬದ್ಧತೆ, ಮಂಕುಗಳು ತಲೆದೋರುವುದೂ ಉಂಟು.

ಇದು ನಮಗೆ ದೂರದ ಮಾತಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಂತೆ, 1982ರಿಂದ ನಗರದ ಕ್ಯಾನ್ಸರ್ ದಾಖಲೆಯನ್ನಿಡಲಾಗಿದೆ. ಅದರಲ್ಲಿ ಪುರುಷರಲ್ಲಿಯೂ ಸ್ತ್ರೀಯರಲ್ಲಿಯೂ ಅನ್ನನಾಳದ ಅರ್ಬುದವು ಪ್ರಮುಖ ಸ್ಥಾನಗಳಲ್ಲೊಂದನ್ನು ಪಡೆದಿದೆ. ಹೊಗೆಸೊಪ್ಪು, ಮದ್ಯ, ಅಡಕೆಗಳು ಇದಕ್ಕೆ ಕಾರಣಗಳೆಂಬುದು ತಿಳಿದದ್ದೇ.

ಕೆಂಗೇರಿಯ ಅಥವಾ ರಾಜಾಜಿನಗರದ ರೋಗಿಯೊಬ್ಬನು ಸ್ವರಕ್ಕೆ ಒಬ್ಬ ವೈದ್ಯರನ್ನೂ ಬೆನ್ನುನೋವಿಗೆ ಮತ್ತೊಬ್ಬರನ್ನೂ ಕಂಡು, ತಿಂಗಳುಗಳ ಬಳಿಕ ಹೊಸೂರು ರಸ್ತೆಯ ಆ ಸಂಸ್ಥೆಗೆ ಬಂದನೆನ್ನೋಣ. ಒಳಪದರದಲ್ಲಿಯೇ ಇದ್ದಾಗ ಅಂತರ್ದರ್ಶಕದಿಂದ ಕೆತ್ತಿ ತೆಗೆಯಬಹುದಾಗಿದ್ದ ಗೆಡ್ಡೆಯು ಅಷ್ಟರಲ್ಲಿ ಶ್ವಾಸನಾಳವನ್ನು ಹೊಕ್ಕಿದ್ದರೆ, ಶಸ್ತ್ರಚಿಕಿತ್ಸೆಯ ಕಾಲ ಮೀರಿತೆಂದೇ ಅರ್ಥ. ಎಷ್ಟೋ ವೇಳೆ ಉಳಿಯುವುದು ನುಂಗಲು ಅನುವಾಗುವಂತೆ ಕೊಳವೆಯಿಡುವಂತಹ ಉಪಶಮನ. ಇಂತಹ ರೋಗಿಯು ನುಂಗುವ ಕಷ್ಟವೇನೂ ಇಲ್ಲವೆಂದೇ ಹೇಳಿಯಾನು. ಅರಿವಿಲ್ಲದೆ ಅವನು ಮುದ್ದೆಯನ್ನು ಬಿಟ್ಟು ಗಂಜಿಗೆ ಇಳಿದಿರುತ್ತಾನೆ. ಆದುದರಿಂದ “ನುಂಗಲು ತೊಂದರೆಯೇ?” ಎನ್ನುವುದಕ್ಕಿಂತ “ಈಚೆಗೆ ಊಟದಲ್ಲಿ ಏನನ್ನು ಬಿಟ್ಟಿರಿ?” ಎಂದು ಕೇಳುವುದು ಮೇಲು.