ಆಸರೆಯಿಲ್ಲದೆ ಬದುಕುವ ಜೀವಕೋಶಗಳು

ಪ್ರಾಣಿಯ ಅಂಗಾಂಶದಿಂದ ಬಿಡಿಸಿದ ಜೀವಕೋಶಗಳನ್ನು ನಾವು ಪೋಷಕ ದ್ರವದೊಡನೆ ಗಾಜಿನ ಸೀಸೆಯಲ್ಲಿಟ್ಟರೆ, ಅವು ತಳಕ್ಕಿಳಿದು, ಗಾಜನ್ನು ಹಿಡಿದುಕೊಂಡು ಚಪ್ಪಟೆಯಾಗಿ ಹರಡುತ್ತವೆ. ಬಳಿಕವೇ ಅವುಗಳ ವಿಭಜನೆ. ಹಿಡಿತ ತಪ್ಪಿಸಿ ತೇಲಿಬಿಟ್ಟರೆ ಸಾಮಾನ್ಯ ಕೋಶವು ದುಂಡಾಗಿ, ಬೆಳವಣಿಗೆ ನಿಲ್ಲಿಸಿ, ಬಹುಮಟ್ಟಿಗೆ ಸಾಯುತ್ತದೆ.

ಆದರೆ ದನಗಳ ಕಾಲುಬಾಯಿ ರೋಗಕ್ಕೆ ಲಸಿಕೆ ಮಾಡುವವರಿಗೆ ಸೀಸೆಗಳು ಸಾಲವು, ಬೇಕಾದುದು ಕೊಪ್ಪರಿಗೆ. ವೈರಸ್ಸು ಬೆಳೆಯುವುದು ಜೀವಂತ ಕೋಶದಲ್ಲಿ ಮಾತ್ರವಷ್ಟೆ. ಹಿಂದೆ ಅದಕ್ಕಾಗಿ ಕಸಾಯಿಖಾನೆಯಿಂದ ತಂದ ದನದ ನಾಲಿಗೆಯ ಮೇಲ್ಪದರವನ್ನು ನೆಚ್ಚಿದುದೂ ಉಂಟು! 1961ರಲ್ಲಿ ಗ್ಲಾಸ್ಗೋದ ಮ್ಯಾಕ್‌ಫರ್ಸನ್ ಮತ್ತು ಸ್ಟೋಕರ್ ಎಂಬವರು ಹ್ಯಾಮ್ಸ್ಟರ್ ಮರಿಗಳ ಮೂತ್ರಪಿಂಡದಿಂದ ಬಿ.ಎಚ್.ಕೆ.-21 ಎಂಬ ಕೋಶಸಂತತಿಯನ್ನು ಪಡೆದರು. 1962ರಲ್ಲಿ ಇಂಗ್ಲೆಂಡಿನ ಪಿರ್‌ಬ್ರೈಟ್‌ನಲ್ಲಿ ಕ್ಯಾಪ್‌ಸ್ಟಿಕ್ ಮತ್ತು ಸಂಗಡಿಗರು ಅದನ್ನು ಸದಾ ಕಲಕುತ್ತಿರುವ ದ್ರವದಲ್ಲಿಯೇ ಬೆಳೆಸಿ ತೋರಿಸಿದರು.

ಕೋಶಗಳೆಲ್ಲ ಹೊಸ ಪಾಠ ಕಲಿತವೆಂದು ನಾವು ಭಾವಿಸಬೇಕಾಗಿಲ್ಲ. ಇಂಥ ಕೋಶಗಳ ವರ್ಣತಂತುಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ವ್ಯತ್ಯಾಸಗಳು ತಲೆದೋರುತ್ತಲೇ ಇರುತ್ತವೆ. ಆಸರೆಯಿಲ್ಲದೆಯೂ ವಿಭಜಿಸಬಲ್ಲವು ಉಳಿದು ಹೆಚ್ಚುತ್ತವೆ, ಮಿಕ್ಕವು ಅಳಿಯುತ್ತವೆ. ಆಸರೆಯ ಹಂಗು ತೊರೆಯುವುದು ಕ್ಯಾನ್ಸರ್ ಕೋಶದ ಲಕ್ಷಣವೂ ಹೌದು. ಲಸಿಕೆಯನ್ನು ಶೋಧಿಸಿ ಕೋಶದ ಚೂರುಗಳನ್ನು ಬೇರ್ಪಡಿಸುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮವಾದುದು. ದನದ ಮೈಯಲ್ಲಿ ಈ ವೈರಸ್ಸು ಇಂಟೆಗ್ರಿನ್ ಎಂಬ ಪ್ರೋಟೀನಿಗೆ ಅಂಟಿ ಕೋಶದೊಳಗೆ ಹೊಗುತ್ತದೆ. ಕೋಶವು ತನ್ನ ನೆಲೆಯನ್ನು ಹಿಡಿಯುವುದೂ ಇಂಟೆಗ್ರಿನ್‌ಗಳಿಂದಲೇ! ಕೃಷಿಯಲ್ಲಿ ಪದೇ ಪದೇ ಬೆಳೆದ ವೈರಸ್ಸು ಹೆಪರಾನ್ ಸಲ್ಫೇಟ್ ಎಂಬ ಬೇರೊಂದು ಹಿಡಿಕೆಯನ್ನು ಆಶ್ರಯಿಸುವುದುಂಟು; ಆಗ ಅದರ ಹೊರಕವಚವೂ ಮಾರ್ಪಟ್ಟಿರುತ್ತದೆ. ಕವಚ ತೀರ ಬದಲಾದರೆ, ಲಸಿಕೆ ಪಡೆದ ಹಸುವಿನ ದೇಹವು ಕೊಟ್ಟಿಗೆಗೆ ಬಂದ ನಿಜವಾದ ವೈರಸ್ಸನ್ನು ಗುರುತಿಸದೆ ಹೋದೀತು. ಆದುದರಿಂದ ಬಿತ್ತನೆಯ ವೈರಸ್ಸನ್ನು ಹೆಪ್ಪುಗಟ್ಟಿಸಿಟ್ಟು, ಕೃಷಿಯಿಂದ ಕೃಷಿಗೆ ಕೆಲವೇ ಸಲ ದಾಟಿಸುತ್ತಾರೆ.