ಕುಡುಗೋಲಿನ ಹಲ್ಲು ಸವೆದಿದೆಯೇ? ಮನೆಯಲ್ಲೇ ಹರಿತ ಮಾಡಿಕೊಳ್ಳಿ

ಹೋದ ಮಳೆಗಾಲದಲ್ಲಿ ಒಂದು ಮಹಿಳಾ ಸಂಘದ ಊರಿಗೆ ಚಿಕಿತ್ಸೆಗೆಂದು ಹೋಗಿದ್ದೆ. ಹಸುವನ್ನು ನೋಡಿ ಮುಗಿಸಿದ ಮೇಲೆ ಮನೆಯ ಅಕ್ಕ ಹಿತ್ತಲಿನ ಮೇವಿನ ತಾಕು ತೋರಿಸಿದರು. ಗಿನಿ ಹುಲ್ಲು ಚೆನ್ನಾಗಿಯೇ ಬಂದಿತ್ತು. ಆದರೆ ಕೊಯ್ದ ಕಡೆ ನೋಡಿದರೆ ಕೆಲವು ಬುಡಗಳು ಒಂದು ಗೇಣು ಎತ್ತರ ಉಳಿದಿವೆ, ಕೆಲವು ಬೇರು ಸಮೇತ ಕಿತ್ತು ಬಂದಿವೆ. ಕೂಳೆಯ ತುದಿ ಕೊಯ್ದಂತಿರಲಿಲ್ಲ, ಅಗಿದು ಉಗಿದಂತೆ ಇತ್ತು. ನಾನು ಶುರು ಮಾಡಿದೆ: ನೆಲದಿಂದ ಅರ್ಧ ಗೇಣು ಬಿಟ್ಟು ಒಂದೇ ಸಮ ಕೊಯ್ಯಬೇಕು, ಬುಡ ಅಲ್ಲಾಡಬಾರದು, ಅಲ್ಲಾಡಿದರೆ ಮುಂದಿನ ಕೊಯ್ಲಿಗೆ ಚಿಗುರು ಕಡಿಮೆ.

ಆ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಕುಡುಗೋಲನ್ನು ನನ್ನ ಕೈಗೆ ಕೊಟ್ಟರು. "ನೀವು ಹೇಳೋದು ಸರಿ ಡಾಕ್ಟ್ರಮ್ಮ. ಈ ಕುಡ್ಲಲ್ಲಿ ನೀವೇ ಒಂದು ಹಿಡಿ ಕುಯ್ದು ತೋರ್ಸಿ" ಅಂದರು.

ಮೊದಲ ಎಳೆತಕ್ಕೆ ಕುಡುಗೋಲು ಜಾರಿತು. ಎರಡನೆಯದಕ್ಕೆ ಹುಲ್ಲು ಬಾಗಿತು. ಮೂರನೆಯದಕ್ಕೆ ಹುಲ್ಲು, ಬೇರು, ಮಣ್ಣು ಎಲ್ಲ ಒಟ್ಟಿಗೆ ಕೈಗೆ ಬಂತು. ಆ ಅಕ್ಕ ನಗಲಿಲ್ಲ, ಅದು ಅವರ ದೊಡ್ಡತನ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೇವಿನ ಬಗ್ಗೆ ಪುಟಗಟ್ಟಲೆ ಓದಿದ್ದೇನೆ. ಅದನ್ನು ಕೊಯ್ಯುವ ಕುಡುಗೋಲಿನ ಬಗ್ಗೆ ಒಂದು ಸಾಲು ಓದಿದ ನೆನಪಿಲ್ಲ. ಸಂಘದ ಸಭೆಗಳಲ್ಲಿ ಖನಿಜ ಮಿಶ್ರಣ, ಜಂತುನಾಶಕ, ಕೆಚ್ಚಲುಬಾವು ಎಂದು ಮಾತನಾಡುತ್ತೇನೆಯೇ ಹೊರತು "ನಿಮ್ಮ ಕುಡುಗೋಲು ತೋರಿಸಿ" ಎಂದು ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳುತ್ತೇನೆ. ಹತ್ತು ಮನೆಯಲ್ಲಿ ಏಳೆಂಟು ಮನೆಯ ಹಲ್ಲು ಕುಡುಗೋಲು ಮೊಂಡಾಗಿರುವುದನ್ನೇ ನೋಡುತ್ತಿದ್ದೇನೆ.

ಒಂದು ಸಣ್ಣ ಲೆಕ್ಕ ಹಾಕೋಣ. ಕರೆಯುವ ಎರಡು ಮಿಶ್ರತಳಿ ಹಸುಗಳಿಗೆ ದಿನಕ್ಕೆ ಹೆಚ್ಚುಕಡಿಮೆ 50 ಕೆ.ಜಿ. ಹಸಿರು ಮೇವು ಬೇಕು. ಒಂದು ಹಿಡಿ ಹುಲ್ಲು ಅರ್ಧ ಕೆ.ಜಿ. ಎಂದರೆ 100 ಹಿಡಿ. ಕುಡುಗೋಲು ಹರಿತವಿದ್ದರೆ ಹಿಡಿಗೆ ಒಂದು ಎಳೆತ, ದಿನಕ್ಕೆ 100 ಎಳೆತ. ಮೊಂಡಾಗಿದ್ದರೆ ಹಿಡಿಗೆ ಮೂರು, ಅಂದರೆ 300. ಅದೂ ಬಗ್ಗಿ ನಿಂತು, ಬಲಗೈಯ ಭುಜ ಹಾಕಿ. ಸಂಜೆ ಹಾಲು ಕರೆಯಲು ಕೂತಾಗ ಮಣಿಕಟ್ಟು ಹಿಡಿದುಕೊಳ್ಳುತ್ತದೆ ಎನ್ನುವ ಅಕ್ಕಂದಿರೇ, ಒಮ್ಮೆ ನಿಮ್ಮ ಕುಡುಗೋಲಿನ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿ. ಹರಿತವಾದ ಹಲ್ಲಿನ ತುದಿ ಬೆಳಕಿನಲ್ಲಿ ಕಾಣುವುದೇ ಇಲ್ಲ. ಮೊಂಡಾದ ಹಲ್ಲಿನ ತುದಿಯಲ್ಲಿ ಸಣ್ಣ ಬಿಳಿ ಚುಕ್ಕೆ ಹೊಳೆಯುತ್ತದೆ.

ಮೊಂಡಾದಾಗ ನಾವು ಮಾಡುವುದೇನು? ಒಗೆಯುವ ಕಲ್ಲಿಗೋ ಮನೆ ಮುಂದಿನ ಚಪ್ಪಡಿಗೋ ಎರಡೂ ಕಡೆ ಉಜ್ಜುತ್ತೇವೆ. ಹಲ್ಲಿಲ್ಲದ ಮಚ್ಚಿಗೆ, ಕತ್ತಿಗೆ ಅದು ಸರಿ. ಹಲ್ಲು ಕುಡುಗೋಲಿಗೆ ಹಾಗೆ ಉಜ್ಜಿದರೆ ಉಳಿದಿರುವ ಹಲ್ಲೂ ಹೋಗುತ್ತದೆ. ಯಾಕೆಂದು ತಿಳಿಯಲು ಕುಡುಗೋಲನ್ನು ಮಗುಚಿ ನೋಡಿ. ಒಂದು ಮುಖದಲ್ಲಿ ಸಾಲಾಗಿ ಓರೆ ಗೆರೆಗಳಿರುತ್ತವೆ, ಇನ್ನೊಂದು ಮುಖ ನುಣುಪು. ಆ ಗೆರೆಗಳು ಅಂಚಿಗೆ ಬಂದು ಮುಟ್ಟುವಲ್ಲಿ ಹಲ್ಲು ಆಗುತ್ತದೆ. ಗೆರೆ ಇರುವವರೆಗೆ ಹಲ್ಲು ಇದೆ. ಗೆರೆ ಇರುವ ಮುಖವನ್ನು ಕಲ್ಲಿಗೆ ಉಜ್ಜಿದರೆ ಗೆರೆಯೇ ಅಳಿಸಿಹೋಗುತ್ತದೆ. ಆದ್ದರಿಂದ ಗೆರೆಯ ಮುಖಕ್ಕೆ ಅರ, ನುಣುಪು ಮುಖಕ್ಕೆ ಕಲ್ಲು. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಆಯಿತು.

ಬೇಕಾಗುವುದು ಒಂದು ಸಣ್ಣ ಮೂರು ಮೂಲೆ ಅರ. ಗರಗಸ ಚೂಪು ಮಾಡುವ ಅರ ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ನಾಲ್ಕು ಇಂಚಿನದು, ತೆಳ್ಳಗಿನದು ಸಾಕು. ಹೋಗುವಾಗ ಕುಡುಗೋಲನ್ನು ಗೋಣಿಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿ, ಅರದ ಮೂಲೆ ಗೆರೆಯೊಳಗೆ ಕೂರುತ್ತದೆಯೇ ಎಂದು ಅಲ್ಲೇ ನೋಡಿ. ಗೆರೆ ಚೂಪಾಗಿರದೆ ಗುಂಡಗಿದ್ದರೆ ಇಲಿಬಾಲದಂಥ ಸಣ್ಣ ಗುಂಡು ಅರ ಬೇಕು. ಅರಕ್ಕೆ ಮರದ ಹಿಡಿ ಹಾಕಿಸಿಯೇ ತನ್ನಿ. ಹಿಡಿ ಇಲ್ಲದ ಅರದ ಬಾಲ ಅಂಗೈಗೆ ಚುಚ್ಚುತ್ತದೆ.

ಮೊದಲು ಕುಡುಗೋಲನ್ನು ತೊಳೆದು ಒರೆಸಿ. ಹುಲ್ಲಿನ ರಸ, ತುಕ್ಕು ಮೆತ್ತಿಕೊಂಡಿದ್ದರೆ ತೆಂಗಿನ ನಾರಿನಿಂದ ಉಜ್ಜಿ. ಆಮೇಲೆ ಗೆರೆಗಳ ಮೇಲೆ ಒಲೆಯ ಮಸಿಯನ್ನೋ ಕಾಡಿಗೆಯನ್ನೋ ತೆಳ್ಳಗೆ ಸವರಿ. ಅರ ಎಲ್ಲಿ ಮುಟ್ಟಿತೋ ಅಲ್ಲಿ ಮಸಿ ಹೋಗಿ ಬಿಳಿ ಕಬ್ಬಿಣ ಕಾಣುತ್ತದೆ. ಗೆರೆಯ ತಳದಿಂದ ಅಂಚಿನವರೆಗೆ ಪೂರಾ ಬಿಳಿಯಾದರೆ ಆ ಹಲ್ಲು ಮುಗಿಯಿತು ಎಂದು ಲೆಕ್ಕ. ಕಣ್ಣು ಸ್ವಲ್ಪ ಮಂಜಾದವರಿಗೂ ಇದರಿಂದ ಸುಲಭವಾಗುತ್ತದೆ.

ಒಂದು ದಪ್ಪ ಹಲಗೆಯ ಮೇಲೆ ಕುಡುಗೋಲನ್ನು ಮಲಗಿಸಿ. ಗೆರೆಯ ಮುಖ ಮೇಲಕ್ಕೆ, ಅಂಚು ನಿಮ್ಮಿಂದ ಆಚೆ ಕಡೆಗೆ. ಕುಡುಗೋಲಿನ ಹಿಡಿಯನ್ನು ಹಲಗೆಗೆ ಹಗ್ಗದಿಂದ ಬಿಗಿದು ಕಟ್ಟಿದರೆ ಅಲ್ಲಾಡುವುದಿಲ್ಲ. ಈಳಿಗೆ ಮಣೆ ತುಳಿದು ಅಭ್ಯಾಸವಿರುವ ನಮಗೆ ಕಾಲಲ್ಲಿ ಅದುಮಿ ಹಿಡಿಯುವ ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಈಗ ಅರವನ್ನು ಒಂದು ಗೆರೆಯೊಳಗೆ ಕೂರಿಸಿ, ಗೆರೆ ಎಷ್ಟು ಓರೆ ಇದೆಯೋ ಅಷ್ಟೇ ಓರೆಯಲ್ಲಿ ಆಚೆಗೆ ತಳ್ಳಿ. ವಾಪಸ್ ಎಳೆಯುವಾಗ ಅರವನ್ನು ಎತ್ತಿಬಿಡಿ. ಅರ ಮುಂದಕ್ಕೆ ಹೋಗುವಾಗ ಮಾತ್ರ ಕೊರೆಯುತ್ತದೆ, ಹಿಂದಕ್ಕೆ ಉಜ್ಜಿದರೆ ಅದರ ಹಲ್ಲೇ ಸವೆಯುತ್ತದೆ. ಚಿಕ್ಕ ಚಿಕ್ಕ ತಳ್ಳು ಸಾಕು, ಕೈ ಅಂಚಿನ ಮೇಲೆ ಹಾಯಬಾರದು. ಪ್ರತಿ ಗೆರೆಗೂ ಲೆಕ್ಕವಿಟ್ಟು ಮೂರೇ ಸಲ. ಒಂದಕ್ಕೆ ಮೂರು, ಇನ್ನೊಂದಕ್ಕೆ ಹತ್ತು ಎಂದು ಮಾಡಿದರೆ ಹಲ್ಲು ಏರುಪೇರಾಗಿ ಕೊಯ್ಯುವಾಗ ಹುಲ್ಲು ಸಿಕ್ಕಿಕೊಳ್ಳುತ್ತದೆ. ಬುಡದಿಂದ ತುದಿಯವರೆಗೆ ಎಲ್ಲ ಗೆರೆ ಮುಗಿಸಲು ಮೊದಲ ಸಲ ಅರ್ಧ ಗಂಟೆ ಹಿಡಿಯಬಹುದು. ಕೈ ಪಳಗಿದ ಮೇಲೆ ಅಷ್ಟು ಬೇಡ.

ಇಷ್ಟಾದ ಮೇಲೆ ನುಣುಪು ಮುಖದ ಅಂಚನ್ನು ಹತ್ತಿಯ ಉಂಡೆಯಿಂದ ಸವರಿ ನೋಡಿ. ಎಳೆ ಸಿಕ್ಕಿಕೊಳ್ಳುತ್ತದೆ. ಅರ ತಳ್ಳಿದ ಕಬ್ಬಿಣ ಕೂದಲೆಳೆಯಷ್ಟು ಆ ಕಡೆಗೆ ಮಡಚಿಕೊಂಡಿರುತ್ತದೆ, ಅದಕ್ಕೇ ಹಾಗೆ. ಸಾಣೆಕಲ್ಲಿಗೆ ನೀರು ಚಿಮುಕಿಸಿ, ನುಣುಪು ಮುಖವನ್ನು ಕಲ್ಲಿಗೆ ಪೂರ್ತಿ ಚಪ್ಪಟೆಯಾಗಿ ಮಲಗಿಸಿ, ಎರಡೋ ಮೂರೋ ಸಲ ಮೆತ್ತಗೆ ಎಳೆಯಿರಿ. ಕುಡುಗೋಲು ಬಾಗಿರುವುದರಿಂದ ದೊಡ್ಡ ಕಲ್ಲಿಗಿಂತ ಕೈಯಲ್ಲಿ ಹಿಡಿಯುವ ಸಣ್ಣ ಕಲ್ಲು ಅನುಕೂಲ. ಎತ್ತಿ ಓರೆ ಮಾಡಿ ಉಜ್ಜಬೇಡಿ. ಹರಿತವಾಯಿತೇ ಎಂದು ಹೆಬ್ಬೆರಳಲ್ಲಿ ನೋಡುವುದೂ ಬೇಡ, ಒಂದು ಹಿಡಿ ಹುಲ್ಲು ಕೊಯ್ದು ನೋಡಿ.

ಒಂದು ಮಾತು. ಅರ ಗೆರೆಯಲ್ಲಿ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಆ ಕುಡುಗೋಲಿನ ಉಕ್ಕು ಅರಕ್ಕಿಂತ ಗಟ್ಟಿ. ಬಲ ಹಾಕಿ ಪ್ರಯೋಜನವಿಲ್ಲ. ಅಂಥದ್ದಕ್ಕೆ ನುಣುಪು ಮುಖವನ್ನು ಮಾತ್ರ ಕಲ್ಲಿಗೆ ಚಪ್ಪಟೆಯಾಗಿ ಉಜ್ಜುತ್ತಾ ಬಂದರೆ ಸಾಕು. ಕರೆಂಟಿನ ಸಾಣೆ ಚಕ್ರಕ್ಕೆ ಹಲ್ಲು ಕುಡುಗೋಲು ಕೊಡಲೇಬೇಡಿ. ಕಿಡಿ ಹಾರಿ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತು ಎಂದರ್ಥ, ಆಮೇಲೆ ಎಷ್ಟು ಮಸೆದರೂ ಎರಡು ದಿನಕ್ಕೆ ಮೊಂಡಾಗುತ್ತದೆ.

ಈಗ ಪಶುವೈದ್ಯೆಯಾಗಿ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಈ ಕೆಲಸವನ್ನು ಕೊಟ್ಟಿಗೆಯಲ್ಲಿ, ಗೋದಲಿಯ ಪಕ್ಕದಲ್ಲಿ, ಮೇವು ಕತ್ತರಿಸುವ ಜಾಗದಲ್ಲಿ ಮಾಡಬೇಡಿ. ಅಂಗಳದಲ್ಲಿ ಹಳೆಯ ಪೇಪರ್ ಹಾಸಿ ಮಾಡಿ. ಮುಗಿದ ಮೇಲೆ ಕಬ್ಬಿಣದ ಪುಡಿಯನ್ನು ಪೇಪರ್ ಸಮೇತ ಸುತ್ತಿ ಎಸೆಯಿರಿ, ತಿಪ್ಪೆಗೆ ಹಾಕಬೇಡಿ. ಅದಕ್ಕಿಂತ ಮುಖ್ಯವಾದದ್ದು ಕುಡುಗೋಲಿನ ಹಿಡಿ. ಹಿಡಿ ಸಡಿಲವಾದರೆ ಬಹಳ ಮನೆಗಳಲ್ಲಿ ತಂತಿ ಸುತ್ತುತ್ತಾರೆ. ಆ ತಂತಿಯನ್ನು ಇವತ್ತೇ ಬಿಚ್ಚಿಬಿಡಿ.

ಕೆಲವು ವರ್ಷಗಳ ಹಿಂದೆ ಏಳು ತಿಂಗಳ ಗಬ್ಬದ ಹಸುವೊಂದನ್ನು ನೋಡಲು ಹೋಗಿದ್ದೆ. ಮೇವು ಬಿಟ್ಟು ನಾಲ್ಕು ದಿನವಾಗಿತ್ತು, ಹಾಲು ಒಮ್ಮೆಲೇ ಇಳಿದಿತ್ತು. ಬೆನ್ನು ಬಿಲ್ಲಿನಂತೆ ಮಾಡಿಕೊಂಡು, ಮುಂಗಾಲಿನ ಮೊಣಕೈ ಹೊರಗೆ ಚಾಚಿ ನಿಂತಿತ್ತು. ಮಲಗಲು ಹೆದರುತ್ತಿತ್ತು, ಇಳಿಜಾರಿನಲ್ಲಿ ನಡೆಸಿದರೆ ನರಳುತ್ತಿತ್ತು. ಎದೆಯ ಮುಂದೆ ನೀರು ತುಂಬಿದ ಊತ ಆಗಲೇ ಬಂದಿತ್ತು. ಆ ಊತ ಕಂಡಾಗ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಹಸು ಮೂರನೆಯ ದಿನ ಸತ್ತಿತು. ಶವಪರೀಕ್ಷೆ ಮಾಡಿದಾಗ ಎರಡು ಇಂಚಿನ ತಂತಿ ಹೊಟ್ಟೆಯಿಂದ ವಪೆಯನ್ನು ದಾಟಿ ಹೃದಯದ ಚೀಲಕ್ಕೆ ಚುಚ್ಚಿತ್ತು. ಮನೆಯಾಕೆ ತಂತಿಯನ್ನು ನೋಡಿದರು, ಒಳಗೆ ಹೋದರು, ಕುಡುಗೋಲು ತಂದು ನನ್ನ ಮುಂದೆ ಇಟ್ಟರು. ಹಿಡಿಗೆ ಸುತ್ತಿದ ತಂತಿ ಅಂಥದ್ದೇ, ತುದಿ ತುಂಡಾಗಿತ್ತು. ಅದೇ ತಂತಿ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಬೇಲಿಯದೂ ಇರಬಹುದು ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಹಸು ನಮ್ಮಂತೆ ಅಗಿದು ನೋಡಿ ನುಂಗುವ ಪ್ರಾಣಿಯಲ್ಲ. ನಾಲಿಗೆಯಲ್ಲಿ ಸುತ್ತಿ ಎಳೆದು ನುಂಗಿಬಿಡುತ್ತದೆ, ಮೆಲುಕು ಆಮೇಲೆ. ಭಾರದ ಕಬ್ಬಿಣ ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಯಲ್ಲಿ ಉಳಿಯುತ್ತದೆ. ಅದಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಗಬ್ಬ ಬಲಿತಂತೆ ಕರುವಿನ ಒತ್ತಡಕ್ಕೆ ತಂತಿ ಮುಂದಕ್ಕೆ ಸರಿಯುತ್ತದೆ. ಮೇಲೆ ಹೇಳಿದ ಲಕ್ಷಣಗಳಲ್ಲಿ ಎರಡು ಒಟ್ಟಿಗೆ ಕಂಡರೂ ಅಜೀರ್ಣ ಎಂದು ಮನೆಮದ್ದು ಮಾಡುತ್ತಾ ಕೂರಬೇಡಿ, ಅದೇ ದಿನ ವೈದ್ಯರನ್ನು ಕರೆಸಿ. ಎದೆಯ ಮುಂದೆ ಊತ ಬರುವ ಮೊದಲು ಗೊತ್ತಾದರೆ ಶಸ್ತ್ರಚಿಕಿತ್ಸೆಯಿಂದ ಉಳಿಸಿಕೊಂಡ ರಾಸುಗಳಿವೆ.

ಸಡಿಲ ಹಿಡಿಗೆ ತಂತಿಯ ಬದಲು ಹಳೆಯ ಸೀರೆಯ ಅಂಚನ್ನು ಒದ್ದೆ ಮಾಡಿ ಬಿಗಿಯಾಗಿ ಸುತ್ತಿ. ಸದ್ಯಕ್ಕೆ ನಿಲ್ಲುತ್ತದೆ. ಪೂರ್ತಿ ಸಡಿಲವಾಗಿದ್ದರೆ ಕುಲುಮೆಯಲ್ಲಿ ಹೊಸ ಹಿಡಿ, ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಹಾಕಿಸಿ.

ಗಾಯದ ವಿಷಯವೂ ಇದೆ. ಸಭೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ನಿಮ್ಮ ಎಡಗೈ ನೋಡುತ್ತೇನೆ. ತೋರುಬೆರಳು, ಕಿರುಬೆರಳಿನ ಮೇಲೆ ಹಳೆಯ ಗಾಯದ ಗುರುತು ಇಲ್ಲದವರು ಕಡಿಮೆ. ಹುಲ್ಲು ಹಿಡಿಯುವ ಕೈ ಅದು. ಮೊಂಡು ಕುಡುಗೋಲಿಗೆ ಬಲ ಹೆಚ್ಚು ಹಾಕುತ್ತೇವೆ, ಜಾರಿದಾಗ ಆ ಬಲವೆಲ್ಲ ಎಡಗೈಗೆ ಬರುತ್ತದೆ. ಕೊಯ್ದುಕೊಂಡರೆ ಅರಿಸಿನ, ಕಾಫಿ ಪುಡಿ ಮೆತ್ತುವ ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಸಗಣಿ, ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ, ಆದ್ದರಿಂದ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದು ಬೇಕೇ ಎಂದು ಕೇಳಿ. ಕೀವಾದ ಬೆರಳಿನಲ್ಲಿ ಹಾಲು ಕರೆಯಬೇಡಿ. ಆ ಕೀವಿನ ರೋಗಾಣು ಮೊಲೆತೊಟ್ಟಿನ ಮೂಲಕ ಕೆಚ್ಚಲಿಗೆ ಹೋಗಿ ಕೆಚ್ಚಲುಬಾವು ತರಬಲ್ಲದು. ಗಾಯ ಮಾಯುವವರೆಗೆ ಮನೆಯ ಗಂಡಸರು ಕರೆಯಲಿ, ಅವರಿಗೂ ಕೈ ಇದೆ.

ನೇಪಿಯರ್ ಬಲಿತು ಕಬ್ಬಿನಂತೆ ದಪ್ಪವಾದಾಗ, ಜೋಳದ ದಂಟಿಗೆ, ಹಲ್ಲು ಕುಡುಗೋಲು ಬಳಸಬೇಡಿ. ಅದು ಎಳೆದು ಕೊಯ್ಯುವ ಸಾಧನ, ಬೀಸಿ ಹೊಡೆದರೆ ಹಲ್ಲು ಮುರಿಯುತ್ತದೆ. ದಪ್ಪ ದಂಟಿಗೆ ಮಚ್ಚು. ಗಿನಿ ಹುಲ್ಲು, ಬದುವಿನ ಹುಲ್ಲು, ಕುದುರೆ ಮಸಾಲೆ, ರಾಗಿ, ಭತ್ತ ಇವಕ್ಕೆ ಹಲ್ಲು ಕುಡುಗೋಲು.

ಗೆರೆಯೇ ಅಳಿಸಿಹೋಗಿದ್ದರೆ ಮನೆಯಲ್ಲಿ ಮಾಡುವುದೇನಿಲ್ಲ. ಕುಲುಮೆಯಲ್ಲಿ ಮಾಡಿಸಿದ ಕುಡುಗೋಲಾದರೆ ಕಕ್ಕು ಹಾಕಿಸಬಹುದು. ಆಚಾರರು ಕಾಯಿಸಿ ಮೆತ್ತಗೆ ಮಾಡಿ, ಚಾಣದಿಂದ ಹೊಸ ಗೆರೆ ಹೊಡೆದು, ಮತ್ತೆ ಕಾಯಿಸಿ ನೀರು ಕುಡಿಸಿ ಹದ ಮಾಡಿಕೊಡುತ್ತಾರೆ. ಕುಲುಮೆ ಇರುವ ಊರುಗಳೇ ಕಡಿಮೆಯಾಗುತ್ತಿವೆ, ಹತ್ತಿರದಲ್ಲಿ ಒಬ್ಬರಿದ್ದರೆ ಸುಗ್ಗಿಗೆ ಮುಂಚೆಯೇ ಕೊಟ್ಟುಬಿಡಿ. ಸಂತೆಯಲ್ಲಿ ಕೊಂಡ ತೆಳ್ಳನೆಯ ತಗಡಿನ ಕುಡುಗೋಲಾದರೆ ಹೊಸದನ್ನೇ ತನ್ನಿ.

ಮೊದಲು ಹೇಳಿದ ಅಕ್ಕನ ಮನೆಗೆ ಆಮೇಲೆ ಒಂದು ಅರ ಒಯ್ದುಕೊಟ್ಟೆ. ಈಗ ಅವರ ಬೀದಿಯ ನಾಲ್ಕು ಮನೆಗೆ ಅದೊಂದೇ ಅರ, ತೆಂಗಿನಕಾಯಿ ತುರಿಯುವ ಮಣೆಯ ಹಲ್ಲಿಗೂ ಅದನ್ನೇ ಬಳಸುತ್ತಿದ್ದಾರೆ. ಹೋದ ತಿಂಗಳು ಹೋದಾಗ ಅರ ಕಚ್ಚುತ್ತಿಲ್ಲ ಎಂದರು. ನೋಡಿದರೆ ಅದಕ್ಕೆ ಎಣ್ಣೆ ಹಚ್ಚಿ ಇಟ್ಟಿದ್ದರು. ಎಣ್ಣೆ ಕುಡುಗೋಲಿಗೆ, ಅರಕ್ಕಲ್ಲ. ಎಣ್ಣೆ ಹಚ್ಚಿದ ಅರದ ಸಂದಿಯಲ್ಲಿ ಪುಡಿ ಮೆತ್ತಿಕೊಂಡು ಜಾರುತ್ತದೆ. ಹಳೆಯ ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಮತ್ತೆ ಕಚ್ಚುತ್ತದೆ.